ಒಬ್ಬರೇನಾ?

ಪ್ರವಾಸ ಹೋಗಿ ಬಂದವರು ಬರೆದದ್ದನ್ನು ಓದುವ ಚಟ ನನಗೆ ಮೊದಲಿನಿಂದಲೂ ಇದೆ. ಯಾವ ಊರಿನಲ್ಲಿ ಯಾವ ಹೋಟೆಲಿನ ದೋಸೆ ಗರಿಗರಿ, ಎಲ್ಲಿಯ ಜಿಲೇಬಿಗೆ ಜನ ಸಾಲು ನಿಲ್ಲುತ್ತಾರೆ, ಯಾವ ಗಲ್ಲಿಯ ಮೂಲೆಯಲ್ಲಿ ಎಂಥ ಚಹಾ ಸಿಗುತ್ತದೆ ಎಂದೆಲ್ಲ ಬಾಯಲ್ಲಿ ನೀರೂರುವಂತೆ ಬರೆದಿರುತ್ತಾರೆ. ಆದರೆ ಇಷ್ಟು ವರ್ಷ ಓದಿದರೂ ಮೂರು ವಿಷಯ ಮಾತ್ರ ನನಗೆ ಅವುಗಳಲ್ಲಿ ಸಿಕ್ಕಿದ್ದಿಲ್ಲ. ಹೆಂಗಸೊಬ್ಬಳೇ ಹೋದರೆ ಆ ಹೋಟೆಲಿನಲ್ಲಿ ಎಲ್ಲಿ ಕೂರಿಸುತ್ತಾರೆ? ಊಟದ ಹೊತ್ತಿನ ಗದ್ದಲದಲ್ಲಿ ಅವಳನ್ನು ಯಾರಾದರೂ ಕಣ್ಣೆತ್ತಿ ನೋಡುತ್ತಾರೋ ಇಲ್ಲವೋ? ಪಾಯಿಖಾನೆ ಇದೆಯೋ, ಇದ್ದರೆ ಅದರ ಬಾಗಿಲಿಗೆ ಚಿಲಕ ಇದೆಯೋ?

ಸ್ಟಾಫ್ ರೂಮಿನಲ್ಲಿ ಒಮ್ಮೆ ಇದನ್ನು ಹೇಳಿದಾಗ ನಮ್ಮ ಮಾಸ್ಟ್ರೊಬ್ಬರು ನಕ್ಕು, "ಟೀಚರೇ, ನೀವು ಹೇಳಿದ ಮೂರರಲ್ಲಿ ಒಂದೂ ಊಟದ ವಿಷಯ ಅಲ್ಲ" ಎಂದರು. ಅವರು ತಪ್ಪು ಹೇಳಲಿಲ್ಲ, ಅವರ ಮಟ್ಟಿಗೆ ಅದು ಊಟದ ವಿಷಯ ಅಲ್ಲವೇ ಅಲ್ಲ. ಆದರೆ ಚಿಲಕದ ಚಿಂತೆ ಇದ್ದವಳ ನಾಲಿಗೆಗೆ ಸಾರಿನ ರುಚಿ ಹತ್ತುವುದಿಲ್ಲ. ಬೇಕಾದರೆ ಬೆಳಿಗ್ಗೆಯಿಂದ ನೀರು ಕುಡಿಯದೆ ಮಧ್ಯಾಹ್ನ ಎಲೆಯ ಮುಂದೆ ಕೂತು ನೋಡಲಿ.

2022ರ ದಸರಾ ರಜೆಯಲ್ಲಿ ಆರು ದಿನ ಮುಂಬೈಯಲ್ಲಿದ್ದೆ. ಅಕ್ಕನ ಮಗಳು ಅಲ್ಲಿ ಘಾಟ್ಕೋಪರಿನಲ್ಲಿದ್ದಾಳೆ. "ಚಿಕ್ಕಮ್ಮ, ಬಾ ಬಾ" ಎಂದು ನಾಲ್ಕು ವರ್ಷದಿಂದ ಕರೆಯುತ್ತಿದ್ದಳು. ಕುಂದಾಪುರದಲ್ಲಿ ಸಂಜೆ ಮತ್ಸ್ಯಗಂಧಾ ಹತ್ತಿದರೆ ಬೆಳಿಗ್ಗೆ ಕುರ್ಲಾದ ಟರ್ಮಿನಸ್. ಹೋದ ಮೇಲೆ ಗೊತ್ತಾಯಿತು, ಅವಳು ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಟರೆ ರಾತ್ರಿ ಎಂಟಕ್ಕೆ ಬರುವವಳು. ಫ್ರಿಜ್ಜಿನಲ್ಲಿ ದೋಸೆ ಹಿಟ್ಟು ಇಟ್ಟಿದ್ದೇನೆ, ಅಡುಗೆ ಮಾಡಿಕೊಂಡು ಆರಾಮಾಗಿ ಇರಿ ಎಂದಳು. ಮೂವತ್ತು ವರ್ಷ ಅಡುಗೆ ಮಾಡಿದ್ದು ಸಾಲದೆ ಮುಂಬೈಗೂ ಬಂದು ದೋಸೆ ಹೊಯ್ಯಬೇಕೇ? ಮೊದಲ ದಿನವೇ ನಿಶ್ಚಯ ಮಾಡಿಕೊಂಡೆ, ಈ ಆರು ದಿನ ಮಧ್ಯಾಹ್ನದ ಊಟ ಹೊರಗೆ, ಅದೂ ಒಬ್ಬಳೇ.

ಐವತ್ತು ದಾಟಿದವಳು ಇದನ್ನು ಒಂದು ಸಾಹಸದ ಹಾಗೆ ಹೇಳಿಕೊಳ್ಳುವುದಕ್ಕೆ ಸ್ವಲ್ಪ ನಾಚಿಕೆಯೇ. ಆದರೆ ನಮ್ಮ ಊರುಗಳ ಹೆಂಗಸರಲ್ಲಿ ಎಷ್ಟು ಜನ ಹೋಟೆಲಿಗೆ ಒಬ್ಬರೇ ಹೋಗಿ, ಕೂತು, ಊಟ ಮಾಡಿ, ಬಿಲ್ಲು ಕೊಟ್ಟು ಬಂದಿದ್ದೀರಿ? ಕಾಫಿ, ಜ್ಯೂಸು ಲೆಕ್ಕಕ್ಕಿಲ್ಲ. ಪಾರ್ಸೆಲ್ ತಂದದ್ದೂ ಲೆಕ್ಕಕ್ಕಿಲ್ಲ. ನಾನು ಕೇಳಿದವರಲ್ಲಿ ಹೆಚ್ಚಿನವರು "ಪ್ರಸಂಗವೇ ಬರಲಿಲ್ಲ ಮಾರಾಯ್ರೆ" ಎಂದರು.

ನಮ್ಮಮ್ಮನಿಗಂತೂ ಬರಲೇ ಇಲ್ಲ. ಬಸ್ಸಿನಲ್ಲಿ ಶಿವಮೊಗ್ಗೆಗೆ ಹೋಗುವಾಗ ದಾರಿಯಲ್ಲಿ ಹತ್ತು ನಿಮಿಷ ನಿಲ್ಲಿಸುತ್ತಿದ್ದರು. ಅಪ್ಪ ಇಳಿದು ಹೋಟೆಲಿಗೆ ಹೋಗುವರು. ಅಮ್ಮ ಗಂಟು-ಮೂಟೆ ಕಾಯುತ್ತ ಬಸ್ಸಿನಲ್ಲೇ. "ಕಾಫಿ ತರಲಾ?" ಎಂದು ಅಪ್ಪ ಕಿಟಕಿಯ ಹತ್ತಿರ ಬಂದು ಕೇಳಿದರೆ ತಲೆ ಆಡಿಸುವಳು. ಬೇಡವೆಂದಲ್ಲ; ಕುಡಿದರೆ ಮುಂದಿನ ಎರಡು ತಾಸು ಏನು ಗತಿ ಎಂದು. ಅಪ್ಪನಿಗೆ ಕೊನೆಯವರೆಗೂ ಅದು ಹೊಳೆಯಲಿಲ್ಲ. "ನಿನ್ನ ಅಮ್ಮನಿಗೆ ಹೋಟೆಲಿನ ಕಾಫಿ ಸೇರುವುದಿಲ್ಲ" ಎಂದು ನಮಗೆ ಹೇಳುತ್ತಿದ್ದರು.

ಒಮ್ಮೆ ಮಾತ್ರ, ನಾನು ಐದನೆಯಲ್ಲೋ ಆರನೆಯಲ್ಲೋ ಇದ್ದಾಗ, ಉಡುಪಿಯಲ್ಲಿ ದೇವಸ್ಥಾನ ಮುಗಿಸಿ ನಾವೆಲ್ಲ ಮಸಾಲೆದೋಸೆ ತಿಂದೆವು. 'ಫ್ಯಾಮಿಲಿ ರೂಮ್' ಎಂದು ಕೆಂಪು ಅಕ್ಷರದಲ್ಲಿ ಬರೆದ ಬೋರ್ಡು, ಹಸಿರು ಪರದೆ. ಆ ಪರದೆಯನ್ನು ಎಷ್ಟು ಜನ ಕೈ ಒರೆಸಿಕೊಂಡಿದ್ದರೋ, ತುದಿ ಎಲ್ಲ ಎಣ್ಣೆ ಜಿಡ್ಡು. ಒಳಗೆ ಒಂದು ಮೇಜು, ಎರಡು ಬೆಂಚು, ತಿರುಗದ ಫ್ಯಾನು. ಹೊರಗೆ ಬೀದಿ ಕಡೆಯ ಮೇಜುಗಳಲ್ಲಿ ಗಾಳಿ, ಬೆಳಕು, ರಥಬೀದಿಯ ಗೌಜು. ಅಮ್ಮ ಗೋಡೆಗೆ ಮುಖ ಮಾಡಿ ಕೂತಳು. ಅಲ್ಲಿ ಕೂತೇ, "ಹಿಟ್ಟಿಗೆ ಮೆಂತೆ ಹಾಕಿದ್ದಾರೆ, ಬಣ್ಣ ಅದರಿಂದ. ಚಟ್ನಿಗೆ ನೀರು ಜಾಸ್ತಿ" ಎಂದಳು. ನಾನು ಕೇಳಿದ ಮೊದಲ ಹೋಟೆಲ್ ವಿಮರ್ಶೆ ಅದು. ವಿಮರ್ಶಕಿ ಗೋಡೆ ನೋಡುತ್ತಿದ್ದಳು.

ಈಗ ಮುಂಬೈಗೆ ಬರೋಣ. ಮೊದಲ ದಿನ ಮಾಟುಂಗಾ. ಘಾಟ್ಕೋಪರಿನಿಂದ ನಿಧಾನ ಗಾಡಿಯಲ್ಲಿ, ಹೆಂಗಸರ ಡಬ್ಬಿಯಲ್ಲಿ ಹೋದೆ. ಆ ಸ್ಟೇಷನ್ ನೋಡುವ ಆಸೆಯೂ ಇತ್ತು. 2017ರಲ್ಲಿ ಅಲ್ಲಿ ಸ್ಟೇಷನ್ ಮ್ಯಾನೇಜರರಿಂದ ಹಿಡಿದು ಟಿಕೆಟ್ ಪರೀಕ್ಷಕರವರೆಗೆ ಎಲ್ಲರನ್ನೂ ಹೆಂಗಸರನ್ನೇ ನೇಮಿಸಿದ್ದರು, ದೇಶದಲ್ಲಿ ಅಂಥ ಮೊದಲ ಸ್ಟೇಷನ್ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಇಳಿದು ಹೊರಗೆ ಬಂದರೆ ಮಲ್ಲಿಗೆ ದಂಡೆ, ಬಾಳೆಎಲೆ, ನುಗ್ಗೆಕಾಯಿ, ಕಾಫಿಪುಡಿಯ ಪರಿಮಳ. ಮುಂಬೈಗೆ ಬಂದದ್ದೋ ನಮ್ಮ ಪೇಟೆಗೇ ಬಂದದ್ದೋ ಎನ್ನಿಸಬೇಕು.

ಸ್ಟೇಷನ್ನಿನ ಹತ್ತಿರವೇ ಮಾರ್ಕೆಟ್ ಕಟ್ಟಡದ ಮಹಡಿಯ ಮೇಲೆ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಲ್ಲಿ ಶುರುವಾದದ್ದು. ಮೆಟ್ಟಿಲು ಹತ್ತಿದರೆ ಕಾಯುವವರ ಸಾಲು. ಬಾಳೆಎಲೆಯ ಊಟ. ಅಡುಗೆಮನೆಯನ್ನು ಗಿರಾಕಿಗಳು ಹೋಗಿ ನೋಡಬಹುದು. ಈ ಒಂದು ಪದ್ಧತಿಗೆ ನಾನು ಹತ್ತರಲ್ಲಿ ಹತ್ತು ಅಂಕ ಕೊಟ್ಟುಬಿಡುತ್ತೇನೆ. ನಮ್ಮ ಮನೆಯ ಅಡುಗೆಕೋಣೆಯನ್ನು ಯಾವ ಹೊತ್ತಿನಲ್ಲಿ ಬೇಕಾದರೂ ತೋರಿಸುವ ಧೈರ್ಯ ನನಗೇ ಇಲ್ಲ.

ನನ್ನ ಸರದಿ ಬಂದಾಗ ಖಾಲಿ ಇದ್ದ ಕುರ್ಚಿಗೆ ಕೈ ತೋರಿಸಿದರು, ಕೂತೆ. ಎದುರಿಗೆ ಬ್ಯಾಂಕಿನವರ ಹಾಗೆ ಕಾಣುವ ಒಬ್ಬ ಹಿರಿಯರು, ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರ ಕಣ್ಣೂ ಎಲೆಯ ಮೇಲೆ. ಪಲ್ಯ, ತೊವ್ವೆ, ಸಾಂಬಾರು, ಸಾರು, ಹಪ್ಪಳ, ಮಜ್ಜಿಗೆ ಒಂದರ ಹಿಂದೆ ಒಂದು ಬಂತು. ಸಾರು ನಿಜಕ್ಕೂ ಚೆನ್ನಾಗಿತ್ತು. ಸಾಂಬಾರಿಗೆ ಬೆಲ್ಲ ತುಸು ಮುಂದು, ಮುಂಬೈಯ ನಾಲಿಗೆಗೆ ಅಷ್ಟು ಬೇಕೇನೋ. ಆದರೆ ನನಗೆ ಆ ದಿನ ನೆನಪಿರುವುದು ರುಚಿಯಲ್ಲ. ಸಾರು ಬಡಿಸುವವರು ಮೂರನೆಯ ಸಲ ಬಂದು ನನ್ನ ಎಲೆಯ ಮುಂದೆ ಬಾಗಿದಾಗ ನನಗೆ ಥಟ್ಟನೆ ಹೊಳೆಯಿತು: ಬಿಸಿ ಅನ್ನ ಎಲೆಗೆ ಬಿದ್ದಾಗ ನಾನು ಕೂತಿದ್ದೇನೆ. ಒಲೆಯಿಂದ ಇಳಿದದ್ದು ಬಿಸಿ ಇರುವಾಗಲೇ ನನ್ನ ಬಾಯಿಗೆ ಬರುತ್ತಿದೆ, ನಾನು ಏಳಬೇಕಾಗಿಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೂರುವ ಹೊತ್ತಿಗೆ ಸಾರು ಉಗುರುಬೆಚ್ಚಗೆ. ಹಾಗಾಗಿ ಸಾರಿನ ನಿಜವಾದ ರುಚಿ ಗೊತ್ತಿರುವುದು ಅದನ್ನು ಮಾಡಿದವಳಿಗಲ್ಲ.

ಪರವೂರಿನಲ್ಲಿ 'ಮನೆ ಊಟ ಸಿಗುತ್ತದೆ' ಎಂಬ ಬೋರ್ಡು ಕಂಡರೆ ಗಂಡಸರ ಮುಖ ಅರಳುವುದನ್ನು ನೀವೂ ನೋಡಿರಬಹುದು. ನಮ್ಮ ಮುಖ ಏಕೆ ಅರಳಬೇಕು? ಮನೆ ಊಟ ನಮಗೆ ಊಟವಲ್ಲ, ಕೆಲಸ. ನಮಗೆ ಬೇಕಾದದ್ದು ಮನೆಯ ರುಚಿಯಲ್ಲ, ಮನೆಯಲ್ಲಿ ಸಿಗದ ಆ ಕೂತುಕೊಳ್ಳುವ ಸುಖ. ಹೋಟೆಲಿಗೆ ಅಂಕ ಕೊಡುವುದಾದರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಎರಡನೆಯ ದಿನ ಧೋಬಿ ತಲಾವಿನ ಕಯಾನಿ ಎಂಬ ಇರಾನಿ ಹೋಟೆಲು. 1904ರದ್ದು. ಬಾಗಿದ ಬೆನ್ನಿನ ಮರದ ಕುರ್ಚಿ, ಚೌಕುಳಿ ಬಟ್ಟೆ ಹಾಸಿದ ಮೇಜು, ಗಾಜಿನ ಭರಣಿಗಳಲ್ಲಿ ಬಿಸ್ಕತ್ತು. ಬೆಣ್ಣೆ ಸವರಿದ ಬನ್ನು, ಚಹಾ ತರಿಸಿದೆ. ಆಮೇಲೆ ಮಾವಾ ಕೇಕು. ಅದಕ್ಕೆ ಮೊಟ್ಟೆ ಹಾಕುತ್ತಾರೆ ಎಂದು ನನಗೆ ಗೊತ್ತಿತ್ತು, ಆದ್ದರಿಂದ ಕೇಳಲಿಲ್ಲ. ಮನೆಯಲ್ಲಿ ಹೇಳಬೇಡಿ. ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುವ ಮುದುಕರೊಬ್ಬರು ಎದುರಿನ ಕುರ್ಚಿಯಲ್ಲಿ ಬಂದು ಕೂತರು, ಪತ್ರಿಕೆ ಬಿಡಿಸಿದರು, ಒಂದು ಮಾತಾಡಲಿಲ್ಲ. ಒಬ್ಬರೇ ಬರುವುದು, ಒಬ್ಬರೇ ಕೂರುವುದು ಅಲ್ಲಿ ಬಹಳ ಸಹಜ.

ಏಕೆ ಸಹಜ ಎಂದು ಚಹಾ ಕುಡಿಯುತ್ತ ಯೋಚಿಸಿದೆ. ಮುಂಬೈಯ ಈ ಹಳೆಯ ಹೋಟೆಲುಗಳೆಲ್ಲ ಒಂಟಿ ಗಂಡಸರಿಗಾಗಿ ಹುಟ್ಟಿದವು. ಹೆಂಡತಿ-ಮಕ್ಕಳನ್ನು ಊರಲ್ಲಿ ಬಿಟ್ಟು ಗಿರಣಿಗೆ, ಬಂದರಿಗೆ, ಆಫೀಸಿಗೆ ದುಡಿಯಲು ಬಂದವರು. ಅವರಿಗೆ ಇರಾನಿಗಳ ಚಹಾ, ಉಡುಪಿಯವರ ಬೋರ್ಡಿಂಗು, ಮರಾಠಿ ಖಾನಾವಳಿ. ಒಬ್ಬ ಗಂಡಸು ಒಬ್ಬನೇ ಕೂತು ಉಣ್ಣುವುದು ಆ ಊರಿನ ನಿತ್ಯದ ದೃಶ್ಯ. ಹೆಂಗಸು ಆ ಲೆಕ್ಕದಲ್ಲಿ ಇರಲೇ ಇಲ್ಲ. ಅವಳು ಬಂದರೆ ಗಂಡನ ಜೊತೆ, ಮಕ್ಕಳ ಜೊತೆ ಬರಬೇಕು. ಅದಕ್ಕೊಂದು ಕೋಣೆ ಮಾಡಿದರು, 'ಫ್ಯಾಮಿಲಿ ರೂಮ್' ಎಂದು ಹೆಸರಿಟ್ಟರು. ಇರಾನಿ ಹೋಟೆಲುಗಳಲ್ಲೂ ಅದು ಇತ್ತು, ನಮ್ಮ ಕಡೆಯೂ ಇತ್ತು. ನಮ್ಮಲ್ಲಿ ಗಂಡಸರು "ನಮ್ಮ ಫ್ಯಾಮಿಲಿಗೆ ಹುಷಾರಿಲ್ಲ" ಎಂದರೆ ಹೆಂಡತಿಗೆ ಎಂದೇ ಅರ್ಥವಲ್ಲವೇ? ಆ ಬೋರ್ಡಿನ ಅರ್ಥವೂ ಅಷ್ಟೇ. ಗಂಡಸು ಒಬ್ಬನೇ ಬಂದರೆ ಗಿರಾಕಿ, ಹೆಂಗಸು ಬಂದರೆ ಫ್ಯಾಮಿಲಿ. ಅವಳು ಒಬ್ಬಳೇ ಬಂದರೆ ಏನೆಂದು ಕರೆಯಬೇಕೆಂದು ಆ ಬೋರ್ಡು ಬರೆಸಿದವರಿಗೆ ಗೊತ್ತಿರಲಿಲ್ಲ.

ಹಾಗೆಂದು ಆ ಪರದೆಯನ್ನು ಬರೀ ಬೈಯುವುದೂ ಸರಿಯಲ್ಲ ಅನ್ನಿ. ಎಳೆಮಗುವಿಗೆ ಹಾಲು ಕುಡಿಸಲು, ಸೆರಗು ಸರಿಮಾಡಿಕೊಂಡು ಒಂದು ನಿಮಿಷ ಉಸಿರು ಬಿಡಲು ಎಷ್ಟೋ ತಾಯಂದಿರಿಗೆ ಅದೊಂದೇ ಮರೆಯಾಗಿತ್ತು. ನನ್ನ ದೂರು ಪರದೆಯ ಮೇಲಲ್ಲ. ಗಾಳಿ, ಬೆಳಕು, ಫ್ಯಾನು ಎಲ್ಲ ಪರದೆಯ ಆಚೆಗೇ ಏಕೆ ಇರಬೇಕಿತ್ತು ಎಂಬುದು.

ಇದಕ್ಕೆ ವಿರುದ್ಧವಾದದ್ದು ಬೆಂಗಳೂರಿನ ದರ್ಶಿನಿಗಳು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರೆಲ್ಲ ಹಬ್ಬಿದವು. ಚೀಟಿ ತೆಗೆದುಕೋ, ನಿಂತು ತಿನ್ನು, ನಡೆ. ಅಲ್ಲಿ ಎಷ್ಟು ಜನ ಎಂದು ಯಾರೂ ಕೇಳುವುದಿಲ್ಲ. ಆಫೀಸಿನ ಹುಡುಗಿಯರು ಭುಜಕ್ಕೆ ಚೀಲ ನೇತುಹಾಕಿಕೊಂಡು ಒಬ್ಬೊಬ್ಬರೇ ಇಡ್ಲಿ ತಿನ್ನುವುದನ್ನು ನೋಡಿ ನನಗೆ ಖುಷಿಯಾಗಿದೆ. ಪರದೆಯನ್ನು ಕಿತ್ತು ಹಾಕಿದವು ಅವು. ಜೊತೆಗೆ ಕುರ್ಚಿಯನ್ನೂ ಕಿತ್ತರು. ನನ್ನ ಮಂಡಿಗೆ ಅದು ಒಪ್ಪಿಗೆಯಿಲ್ಲ.

ಮೂರನೆಯ ದಿನದ ಹೋಟೆಲಿನ ಹೆಸರು ಹೇಳುವುದಿಲ್ಲ. ಕೋಟೆ ಭಾಗದಲ್ಲಿ ವಸ್ತುಸಂಗ್ರಹಾಲಯ ನೋಡಿ ಕಾಲು ನೋಯುತ್ತಿತ್ತು. ದೊಡ್ಡ ಕಿಟಕಿಗಳ, ತಂಪಾಗಿ ಕಾಣುವ ಸಸ್ಯಾಹಾರಿ ಹೋಟೆಲು. ಗಲ್ಲೆಯ ಮೇಲೆ ಕೂತವರಿಗೆ ನನ್ನ ಹಿಂದಿ ಕೇಳಿದ್ದೇ ಊರು ಗೊತ್ತಾಗಿಬಿಟ್ಟಿತು. ಕನ್ನಡದಲ್ಲೇ ಕೇಳಿದರು.

"ಎಷ್ಟು ಜನ?"

"ನಾನೊಬ್ಬಳೇ."

"ಒಬ್ಬರೇನಾ?"

ಈ ಪ್ರಶ್ನೆಯನ್ನು ನೀವು ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿ. ಮೇಜು ಲೆಕ್ಕ ಹಾಕುವ ದನಿ ಒಂದು. ಅದಕ್ಕೆ ನನ್ನ ತಕರಾರಿಲ್ಲ. ಇವರದು ಅದಲ್ಲ. ಬಾಗಿಲ ಕಡೆ ನೋಡಿದರು, ನನ್ನ ಹಿಂದಿನಿಂದ ಇನ್ಯಾರಾದರೂ ಬರಬಹುದೇ ಎಂಬಂತೆ. ಯಾರೂ ಬರಲಿಲ್ಲ. ಕಿಟಕಿಯ ಹತ್ತಿರ ಎರಡು ಕುರ್ಚಿಯ ಮೇಜು ಖಾಲಿ ಇತ್ತು. ನನ್ನನ್ನು ಕಳಿಸಿದ್ದು ಒಳಗೆ, ಕೈ ತೊಳೆಯುವ ಬೇಸಿನ್ನಿನ ಪಕ್ಕಕ್ಕೆ. ಬಂದವರು ಹೋದವರು ಬಾಯಿ ಮುಕ್ಕಳಿಸುವುದನ್ನು ಕೇಳುತ್ತ ನಾನು ಊಟ ಮಾಡಬೇಕು. ಐದು ನಿಮಿಷದಲ್ಲಿ ಒಬ್ಬರೇ ಬಂದ ಒಬ್ಬ ಗಂಡಸರು ಕಿಟಕಿಯ ಮೇಜಿಗೆ ಹೋಗಿ ಕೂತರು. ಅವರಿಗೆ ಯಾರೂ ಏನೂ ಕೇಳಲಿಲ್ಲ.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ನಲವತ್ತು ಮಕ್ಕಳನ್ನು ಕಣ್ಣಲ್ಲೇ ಸುಮ್ಮನಾಗಿಸುವವಳು ಬೇಸಿನ್ನಿನ ಪಕ್ಕ ತೆಪ್ಪಗೆ ಕೂತೆ. ನೀರು ಸಿಡಿಯುತ್ತಿತ್ತು. ಬಡಿಸುವ ಹುಡುಗ ಅದನ್ನು ಗಮನಿಸಿದ. ಏನೂ ಹೇಳದೆ ಮೇಜನ್ನು ಒಂದು ಗೇಣು ಈಚೆಗೆ ಎಳೆದು, ಒರೆಸಿ, ನನ್ನ ಕುರ್ಚಿಯನ್ನು ತಿರುಗಿಸಿ ಹಾಕಿದ. ಹದಿನೆಂಟು ಹತ್ತೊಂಬತ್ತರ ಹುಡುಗ. ನಮ್ಮ ಕಡೆಯವನೇನೋ ಎಂದು ಕನ್ನಡದಲ್ಲಿ ಕೇಳಿದೆ, ಅರ್ಥವಾಗಲಿಲ್ಲ. ಒಡಿಶಾದವನಂತೆ, ಗಂಜಾಂ ಜಿಲ್ಲೆ. ಮೇಷ್ಟ್ರು ಕೆಲಸದ ಚಾಳಿ, ಎಷ್ಟನೆಯವರೆಗೆ ಓದಿದ್ದೀ ಎಂದು ಕೇಳಿಯೇ ಬಿಟ್ಟೆ. "ಆಠವೀ" ಎಂದ.

ಆ ಮಾತು ಕೇಳಿ ನನ್ನ ಊಟ ಅರ್ಧಕ್ಕೆ ನಿಂತಿತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, 1990ರ ದಶಕದ ಮೊದಲ ಭಾಗದಲ್ಲಿ, ಏಳನೆಯ ತರಗತಿ ಮುಗಿದು ಬೇಸಿಗೆ ರಜೆ ಕಳೆದರೆ ಹಾಜರಿ ಪುಸ್ತಕದಲ್ಲಿ ಮೂರು ನಾಲ್ಕು ಹೆಸರು ಕಡಿಮೆಯಾಗುತ್ತಿತ್ತು. "ಅವ ಬೊಂಬಾಯಿಗೆ ಹೋದ ಟೀಚರ್" ಎಂದು ಉಳಿದ ಮಕ್ಕಳು ಹೇಳುವರು. ಬೊಂಬಾಯಿ ಎಂದರೆ ಹೋಟೆಲು. ನಾನು ಮನೆಗೆ ಹೋಗಿ ಹೇಳಿ ನೋಡಿದ್ದುಂಟು. "ಅಲ್ಲಿ ಊಟಕ್ಕಾದರೂ ಕೊರತೆ ಇಲ್ಲವಲ್ಲ ಟೀಚರಮ್ಮ" ಎಂದು ಒಬ್ಬ ತಾಯಿ ಅಂದದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷ ಆ ಹುಡುಗರು ಜಾತ್ರೆಗೆ ಬರುವರು, ಬಣ್ಣದ ಅಂಗಿ, ಕೈಗೆ ವಾಚು, ಬೆರಳ ಸಂದಿಯಲ್ಲಿ ಪಾತ್ರೆ ತೊಳೆದ ಸೋಡಾದ ಗಾಯ. ಮುಂಬೈಯಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಅಲ್ಲಿ ಕಲಿತು ಮೇಲೆ ಬಂದವರ ಕಥೆಗಳನ್ನು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಮೇಲೆ ಬಂದವರದ್ದಷ್ಟೇ ಕಥೆಯಾಗುತ್ತದೆ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಢಾಬಾ, ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು ಸರ್ಕಾರ ನಿಷೇಧ ತಂದದ್ದು 2006ರ ಅಕ್ಟೋಬರಿನಲ್ಲಿ. ನನ್ನ ಹಾಜರಿ ಪುಸ್ತಕದ ಹುಡುಗರಿಗೆ ಆಗ ಮದುವೆಯ ವಯಸ್ಸು.

ಆ ಆರು ದಿನಗಳಲ್ಲಿ ನಾನು ಹೋದ ಉಡುಪಿ ಹೋಟೆಲುಗಳಲ್ಲಿ ಎಲೆ ಎತ್ತುವ ಕೆಲಸದಲ್ಲಿ ನಮ್ಮ ಕಡೆಯ ಹುಡುಗರು ಕಾಣಲಿಲ್ಲ. ಟೀಚರಾಗಿ ನನಗೆ ಸಂತೋಷವಾಗಬೇಕು, ಆಯಿತು ಕೂಡ. ಗಂಜಾಂ ಜಿಲ್ಲೆಯ ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿ ಯಾವ ಟೀಚರು ಕೆಂಪು ಶಾಯಿಯಲ್ಲಿ ಈ ಹುಡುಗನ ಹೆಸರಿನ ಮುಂದೆ ಗೆರೆ ಎಳೆದಳೋ. ಅವನಿಗೆ ಕೈಯಲ್ಲಿ ಐವತ್ತು ರೂಪಾಯಿ ಕೊಟ್ಟೆ. ಗಲ್ಲೆಯವರಿಗೆ ಮಾತ್ರ, ಹೇಳಲು ನಾಚಿಕೆ, "ಊಟ ಚೆನ್ನಾಗಿತ್ತು" ಎಂದು ಹೇಳಿ ಬಂದೆ. ಚೆನ್ನಾಗಿಯೂ ಇರಲಿಲ್ಲ. ಪನೀರು ರಬ್ಬರಿನ ಹಾಗಿತ್ತು, ಮೈಸೂರು ಮಸಾಲೆ ಎಂದು ಮೆನು ಕಾರ್ಡಿನಲ್ಲಿದ್ದ ದೋಸೆಗೂ ಮೈಸೂರಿಗೂ ಕೆಂಪು ಚಟ್ನಿಯೊಂದನ್ನು ಬಿಟ್ಟರೆ ಯಾವ ಸಂಬಂಧವೂ ಇರಲಿಲ್ಲ. ಪಾಯಿಖಾನೆಯ ಬಾಗಿಲಿಗೆ ಚಿಲಕವಿರಲಿಲ್ಲ, ಒಳಗಿನಿಂದ ಕಾಲಿನಲ್ಲಿ ಒತ್ತಿ ಹಿಡಿಯಬೇಕು.

ರಾತ್ರಿ ಅಕ್ಕನ ಮಗಳ ಹತ್ತಿರ ಹೇಳಿದೆ. "ಕಿಟಕಿ ಹತ್ತಿರ ಕೂರುತ್ತೇನೆ ಅಂತ ಹೇಳಬೇಕಿತ್ತು ಚಿಕ್ಕಮ್ಮ, ಅಷ್ಟೇ" ಎಂದಳು. ಅವಳಿಗೆ ಅದು ಅಷ್ಟೇ. ಅಷ್ಟೇ ಎನ್ನುವಷ್ಟು ದೂರ ಅವಳು ಬಂದಿದ್ದಾಳಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟು, ಮೇಲೆ ಮಾತ್ರ ಸಿಟ್ಟು ತೋರಿಸಿದೆ.

ಮರುದಿನ ತಾಡದೇವದ ಸ್ವಾತಿ ಸ್ನ್ಯಾಕ್ಸಿಗೆ ಅವಳೇ ಕಳಿಸಿದಳು. 1963ರಲ್ಲಿ ಮೀನಾಕ್ಷಿ ಝವೇರಿ ಎಂಬ ಗುಜರಾತಿ ಹೆಂಗಸು ಶುರು ಮಾಡಿದ್ದು. ಆಮೇಲೆ ಅವರ ಮಗಳು ಆಶಾ ನಡೆಸಿದರು. ಅಲ್ಲಿಯೂ ಸಾಲು, ಅಲ್ಲಿಯೂ ಪರಿಚಯವಿಲ್ಲದವರ ಜೊತೆ ಕುರ್ಚಿ. ಪಾನ್ಕಿ ಎಂಬುದನ್ನು ತಂದಿಟ್ಟರು. ಅಕ್ಕಿಹಿಟ್ಟನ್ನು ತೆಳ್ಳಗೆ ಬಾಳೆಎಲೆಯ ನಡುವೆ ಸವರಿ ಬೇಯಿಸಿದ್ದು. ಎಲೆ ಬಿಡಿಸಿದರೆ ಬಿಳಿಯ ಹಾಳೆ ಹಾಗೆ ಏಳುತ್ತದೆ, ಎಲೆಯ ಗೆರೆಗಳೆಲ್ಲ ಅದರ ಮೇಲೆ ಮೂಡಿರುತ್ತವೆ. ಆ ಪರಿಮಳಕ್ಕೆ ನನಗೆ ನಮ್ಮ ಅರಿಶಿನ ಎಲೆಯ ಕಡುಬು ನೆನಪಾಯಿತು. ಗುಜರಾತಿನ ಅಜ್ಜಿಗೂ ಕುಂದಾಪುರದ ಅಜ್ಜಿಗೂ ಹಿಟ್ಟನ್ನು ಎಲೆಯಲ್ಲಿ ಬೇಯಿಸಬೇಕೆಂದು ಹೇಳಿಕೊಟ್ಟವರು ಯಾರು? ಹೊಸ ಊರಿನ ತಿಂಡಿ ಎಂದರೆ ನನಗೆ ಇಂಥದ್ದು ಸಿಕ್ಕಬೇಕು. ಪರವೂರಿಗೆ ಹೋಗಿ ನಮ್ಮದೇ ಇಡ್ಲಿ ಹುಡುಕುವವರಿಗೆ ಈ ಸುಖವಿಲ್ಲ. ಮೊದಲ ದಿನ ನಾನೂ ಅದನ್ನೇ ಮಾಡಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಹೆಂಗಸು ಕಟ್ಟಿದ ಹೋಟೆಲು ಆದ್ದರಿಂದ ಹೆಂಗಸರಿಗೆ ಅನುಕೂಲ ಎಂದು ಹೇಳಿಬಿಡುವುದು ಸುಲಭ. ಆದರೆ ಮುಂಬೈಯಲ್ಲಿ ಅಡುಗೆ ಮಾಡಿ ಹಾಕಿದ ಹೆಂಗಸರ ಕಥೆ ಅದೊಂದೇ ಅಲ್ಲ. ಬಟ್ಟೆ ಗಿರಣಿಗಳ ಕಾಲದಲ್ಲಿ ಗಿರಣಗಾವಿನ ಚಾಳುಗಳ ಪುಟ್ಟ ಕೋಣೆಗಳಲ್ಲಿ ಹೆಂಗಸರು ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ದಿನಸಿಗೆ ಸಾಲ, ಸಾಲಕ್ಕೆ ಬಡ್ಡಿ. ಪ್ರೇಮಾ ಪುರವ್ ಎಂಬವರು ಅವರನ್ನು ಸೇರಿಸಿ 1975ರಲ್ಲಿ ಅನ್ನಪೂರ್ಣ ಮಹಿಳಾ ಮಂಡಳ ಕಟ್ಟಿ, ಬ್ಯಾಂಕಿನಿಂದ ಸಾಲ ಕೊಡಿಸಿದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಒಂದು ಊರಿನ ಗಂಡಸರಿಗೆಲ್ಲ ಅನ್ನ ಬೇಯಿಸಿ ಹಾಕಿದ ಆ ಹೆಂಗಸರಲ್ಲಿ ಎಷ್ಟು ಜನ ಯಾವ ಹೋಟೆಲಿನ ಕಿಟಕಿಯ ಪಕ್ಕ ಕೂತಿದ್ದರು ಎಂದು ಯಾರಾದರೂ ಬರೆದಿದ್ದರೆ ನನಗೆ ಓದಬೇಕು.

ಐದನೆಯ ದಿನ ದಾದರಿನಲ್ಲಿ ಒಂದು ಹೋಟೆಲು. ಥಾಲಿಪೀಠು, ಬೆಣ್ಣೆ ತಿನ್ನಬೇಕೆಂದು ಹೋದದ್ದು. "ಏಕಟೇ?" ಎಂದರು. ಮರಾಠಿಯಲ್ಲಿ ಅದೇ ಪ್ರಶ್ನೆ. ಹೌದೆಂದೆ. ಬಾಗಿಲಿನ ಬದಿಯ ಗೋಡೆ ಮೂಲೆ ತೋರಿಸಿದರು. ನನ್ನ ಎದೆ ಡವಗುಟ್ಟಿತು, ಇನ್‌ಸ್ಪೆಕ್ಟರು ತರಗತಿಗೆ ಬಂದಾಗಲೂ ಹಾಗೆ ಆಗಿದ್ದಿಲ್ಲ. ಬೀದಿ ಕಾಣುವ ಮೇಜಿಗೆ ಬೆರಳು ತೋರಿಸಿ, "ವಹಾಂ ಬೈಠೂಂಗೀ" ಎಂದೆ. ಆತ "ಬಸಾ, ಬಸಾ" ಎಂದು ಸುಮ್ಮನೆ ಮುಂದೆ ಹೋದ. ಅಷ್ಟೇ. ಅಕ್ಕನ ಮಗಳು ಹೇಳಿದ್ದು ನಿಜ. ಬಹುಶಃ ಬೇಸಿನ್ನಿನ ಹೋಟೆಲಿನಲ್ಲೂ ಕೇಳಿದ್ದರೆ ಕೊಡುತ್ತಿದ್ದರೇನೋ. ಆದರೆ ಗಂಡಸಿಗೆ ಕೇಳದೆ ಸಿಗುವ ಮೇಜು ನನಗೆ ಕೇಳಿ ಸಿಗಬೇಕು ಎಂಬಲ್ಲಿ ನನ್ನ ಒಂದು ಅಂಕ ಕಳೆದೇ ಕಳೆಯುತ್ತೇನೆ.

ಥಾಲಿಪೀಠು ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಕರಗುವ ಬಿಳಿ ಬೆಣ್ಣೆ. ಹೊರಗೆ ಹೂವಿನವರು, ಬಸ್ಸು, ಕೊಡೆ ಹಿಡಿದವರು, ಅಕ್ಟೋಬರಿನ ಬಿಸಿಲು. ಒಂದು ಊರನ್ನು ನೋಡುವುದಕ್ಕೆ ಹೋಟೆಲಿನ ಕಿಟಕಿಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ವಸ್ತುಸಂಗ್ರಹಾಲಯದಲ್ಲಿ ನೋಡಿದ್ದು ನನಗೆ ಈಗ ಅಷ್ಟಾಗಿ ನೆನಪಿಲ್ಲ. ಆ ಮುಕ್ಕಾಲು ಗಂಟೆ ನೋಡಿದ್ದು ನೆನಪಿದೆ. ಎರಡು ಲೋಟ ನೀರನ್ನೂ ಕುಡಿದೆ, ಬರುವಾಗಲೇ ಚಿಲಕ ನೋಡಿಕೊಂಡಿದ್ದೆ.

ಊರಿಗೆ ಬಂದ ಮೇಲೆ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬರುವಾಗ ನಮ್ಮ ಪೇಟೆಯ ಹೋಟೆಲಿನ ಮುಂದೆ ನಿಂತೆ. ಇಪ್ಪತ್ತೈದು ವರ್ಷದಿಂದ ನೋಡುತ್ತಿರುವ ಹೋಟೆಲು. ಅಲ್ಲಿಂದ ಗೋಳಿಬಜೆ ಕಟ್ಟಿಸಿಕೊಂಡು ಹೋದದ್ದಕ್ಕೆ ಲೆಕ್ಕವಿಲ್ಲ. ಗಲ್ಲೆಯಲ್ಲಿದ್ದ ಭಟ್ಟರು ಅಭ್ಯಾಸದಂತೆ ಕಾಗದ, ನೂಲು ಎಳೆದರು.

"ಎಂತ ಕಟ್ಟುವುದು ಟೀಚರ್?"

"ಕಟ್ಟುವುದು ಬೇಡ. ಇಲ್ಲೇ ತಿಂತೇನೆ."

ಅವರು ಬೀದಿಯ ಕಡೆ ನೋಡಿದರು. "ಯಜಮಾನರು ಬರಲಿಕ್ಕುಂಟಾ?"

"ಇಲ್ಲ."

ಕಾಗದ ಕೆಳಗಿಟ್ಟರು. ಪಾಪ, ಒಳ್ಳೆಯ ಮನುಷ್ಯ. "ಹಾಗಾದರೆ ಫ್ಯಾಮಿಲಿ ರೂಮಿನ ಲೈಟು ಹಾಕಿಸುತ್ತೇನೆ, ಸೋಡಾದ ಕ್ರೇಟು ಇಟ್ಟಿದ್ದೇವೆ, ಒಂದು ನಿಮಿಷ ತೆಗೆಸುತ್ತೇನೆ" ಎಂದು ಹುಡುಗನನ್ನು ಕೂಗಹೊರಟರು.

"ಬೇಡ ಭಟ್ರೆ" ಎಂದು ರಸ್ತೆಯ ಕಡೆಯ ಬೆಂಚಿನಲ್ಲಿ ಕೂತೆ. ಎದುರಿನ ಮೇಜಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಕಾಫಿ ಕುಡಿಯುತ್ತಿದ್ದವರು ಗಡಬಡಿಸಿ ಎದ್ದು ನಿಂತರು. ಕೂತುಕೊಳ್ಳಿ ಎಂದೆ. ಬನ್ಸು ಆಗಷ್ಟೇ ಬಾಣಲೆಯಿಂದ ತೆಗೆದದ್ದು, ಮುರಿದರೆ ಹಬೆ ಬರುತ್ತಿತ್ತು. ಚಟ್ನಿಗೆ ನೀರು ಜಾಸ್ತಿ.